ಡೀನಪ್ಪನ ಮಂಡಿ

ಶುಕ್ರವಾರ ರಾತ್ರಿ ಇಂಗ್ಲೆಂಡಿನಲ್ಲಿ ಡೀನ್ ವಿಕ್ಸ್‌ಟೆಡ್ ಎಂಬವನ ಮಂಡಿ ಊದಿಕೊಂಡಿತು. ಶನಿವಾರ ಬೆಳಿಗ್ಗೆ ದಾವಣಗೆರೆಯ ವಿನೋಬನಗರದಲ್ಲಿ ಹನುಮೇಶ ತಿಂಡಿ ಬಿಟ್ಟ.

ಟೈಲ್ಸ್ ಅಂಗಡಿಯ ಸೇಲ್ಸ್‌ಮನ್ ಹನುಮೇಶನಿಗೆ ಆ ಮಿಡ್‌ಫೀಲ್ಡರನ ಇತಿಹಾಸವೆಲ್ಲ ಬಾಯಿಪಾಠ. ಹುಡುಗನಾಗಿ ಬ್ರ್ಯಾಮ್‌ಫೋರ್ಡ್ ಫುಟ್‌ಬಾಲ್ ಕ್ಲಬ್ಬು ಸೇರಿದ್ದು, ಓಣಿಯ ಏಣಿಯಂತೆ ಕಂಡಕಂಡ ಕ್ಲಬ್ಬಿಗೆ ಎರವಲು ಹೋಗಿದ್ದು, ಮೂವತ್ತು ದಾಟಿದ ಮೇಲೆ ತವರಿಗೆ ಮರಳಿ ನಾಯಕನಾಗಿದ್ದು. ಅವತ್ತು ಸಂಜೆಯ ಪಂದ್ಯ ಸೋತರೆ ಶತಮಾನ ದಾಟಿದ ಬ್ರ್ಯಾಮ್‌ಫೋರ್ಡ್ ಕೆಳಗಿನ ದರ್ಜೆಗೆ ಬೀಳುತ್ತಿತ್ತು.

ಮರುದಿನ ಇನ್ನೊಂದು ಪಂದ್ಯವಿತ್ತು. ಮಾಯಕೊಂಡದ ಸೂರಪ್ಪ ತಮ್ಮ ಮಗಳಿಗೆ ಗಂಡು ನೋಡಲು ಬರುವವರಿದ್ದರು. ಹನುಮೇಶನ ಬಣ್ಣ, ಎತ್ತರ, ಸಂಬಳ ಎಲ್ಲ ಸಾಧಾರಣ. ತಲೆಗೂದಲು ಮಾತ್ರ ದಟ್ಟ. ಹುಡುಗಿ ಫೋಟೋದಲ್ಲಿ ಅದನ್ನೇ ಮೆಚ್ಚಿದ್ದಳೆಂದು ಸುದ್ದಿ.

"ಯಾಕ ತಮ್ಮಾ, ಮುಖ ಸಪ್ಪಗೈತೆ?" ಪಕ್ಕದ ಮನೆಯ ಕೊಟ್ರವ್ವ ಕಾಂಪೌಂಡಿನ ಮೇಲಿಂದ ಕೇಳಿದಳು.

"ಡೀನ್ ಮಂಡಿ ಊದೈತಂತೆ ಅಜ್ಜಿ."

"ಯಾರಪ್ಪ ಅವನು?"

"ನಮ್ಮೋನೇ. ಇಂಗ್ಲೆಂಡ್‌ನಾಗೆ ಇರ್ತಾನೆ."

ಮಂಡಿನೋವಿನ ವಿಷಯದಲ್ಲಿ ಕೊಟ್ರವ್ವನಿಗೆ ದೇಶಭೇದವಿರಲಿಲ್ಲ. "ನಡಿ, ಹರಿಹರದಾಗೆ ಅರ್ಚನೆ ಮಾಡ್ಸನ. ನನ್ನ ಮಂಡಿ ವಾಸಿಯಾಗಿದ್ದೂ ಅಲ್ಲೇ" ಎಂದು ಸೆರಗು ಸಿಕ್ಕಿಸಿದಳು. ಹನುಮೇಶ ಬಾಯಿ ತೆರೆಯುವಷ್ಟರಲ್ಲಿ ಹಯಾತ್ ಸಾಬನ ಆಟೋ ಬಾಗಿಲಲ್ಲಿತ್ತು.

"ಬರೇ ಅರ್ಚನೆಗೆ ಮಂಡಿ ಬಗ್ಗಲ್ಲಮ್ಮ. ಏನಾರ ಗಟ್ಟಿ ಹರಕೆ ಹೊತ್ಕೋರಿ" ಎಂದು ಹಯಾತ್ ಸಾಬ್ ದಾರಿಯುದ್ದಕ್ಕೂ ಸಲಹೆ ಕೊಟ್ಟ.

ದೇವಸ್ಥಾನದಲ್ಲಿ ಅರ್ಚಕರು ಹೆಸರು ಕೇಳಿಕೊಂಡು, "ಗೋತ್ರ?" ಎಂದರು. ಡೀನನ ಬೂಟಿನ ಅಳತೆ ಬಲ್ಲ ಹನುಮೇಶನಿಗೆ ಅದೊಂದು ಗೊತ್ತಿರಲಿಲ್ಲ.

"ಹಂಗಾದ್ರೆ ಕಾಶ್ಯಪ" ಎಂದ ಅರ್ಚಕರು, ಹುಟ್ಟಿದ ದಿನ ಕೇಳಿ, ಮೊಬೈಲಿನ ಪಂಚಾಂಗದಿಂದ ಮೂಲಾ ನಕ್ಷತ್ರವನ್ನೂ ಒದಗಿಸಿದರು. ಕಾಶ್ಯಪ ಗೋತ್ರದ ಡೀನ್ ವಿಕ್ಸ್‌ಟೆಡ್ ಹೆಸರು ಗರ್ಭಗುಡಿಯಲ್ಲಿ ಮೊಳಗಿದಾಗ ಹನುಮೇಶನ ಕಣ್ಣು ತುಂಬಿತು.

ಮಂಗಳಾರತಿಯ ನಡುವೆ ಕೊಟ್ರವ್ವ ಕೈಯೆತ್ತಿ ಕೂಗಿದಳು: "ಸ್ವಾಮೀ, ಡೀನಪ್ಪ ಸಂಜಿಗೆ ಎದ್ದು ಓಡಂಗಾದ್ರೆ, ನಮ್ಮ ಹನುಮೇಶ ನಾಳೆ ಬೆಳಿಗ್ಗೇನೇ ಹೊಳೆದಂಡಿಗೆ ಬಂದು ಮುಡಿ ಕೊಡ್ತಾನೆ!"

"ಅಜ್ಜಿ! ನಾಳೆ ಹೆಣ್ಣಿನ ಕಡೆಯೋರು ಬರ್ತಾರೆ!"

"ಕೂದ್ಲು ಮತ್ತೆ ಬೆಳಿತೈತೆ. ಮಂಡಿ ಬೆಳಿತೈತೇನು?"

ಹನುಮೇಶ ಅರ್ಚಕರ ಮುಖ ನೋಡಿದ. "ಹರಕೆ ವಾಪಸ್ ತಗೊಳ್ಳೋ ಪದ್ಧತಿ ಇಲ್ಲಪ್ಪ" ಎಂದು ಅವರು ತೀರ್ಥ ಕೊಟ್ಟರು.

ಮರಳುವಾಗ ಹನುಮೇಶ ಅರ್ಧ ದಾರಿ ತನ್ನ ಕೂದಲಿನ ಪರ, ಉಳಿದರ್ಧ ಬ್ರ್ಯಾಮ್‌ಫೋರ್ಡ್ ಪರ ಬೇಡಿಕೊಂಡ. ಆಟೋ ವಿನೋಬನಗರ ಮುಟ್ಟುವಾಗ ಮನಸ್ಸು ಗಟ್ಟಿಯಾಗಿತ್ತು. ತಲೆ ಬೋಳಾದರೂ ಸರಿ, ಕ್ಲಬ್ಬು ಉಳಿಯಲಿ.

ಸಂಜೆ ಓಣಿಯವರೆಲ್ಲ ಅವನ ಮೊಬೈಲಿಗೆ ಮುತ್ತಿದರು. ಡೀನ್ ಮೈದಾನಕ್ಕೆ ಇಳಿದೇಬಿಟ್ಟ, ಬಿಟ್ಟ ಕರುವಿನಂತೆ ಓಡಿದ. ಎರಡೂ ಕಡೆ ಗೋಲಿಲ್ಲ. ಇನ್ನೇನು ಆಟ ಮುಗಿಯಿತು ಎನ್ನುವಾಗ ಚೆಂಡು ಬ್ರ್ಯಾಮ್‌ಫೋರ್ಡ್ ಗೋಲಿನ ಮುಂದೆ ಬಂತು. ಅದನ್ನು ಆಚೆ ಅಟ್ಟಲು ಡೀನ್ ವಾಸಿಯಾದ ಕಾಲನ್ನು ಬೀಸಿ ಒದ್ದ. ಚೆಂಡು ಅವನದೇ ಬಲೆಯೊಳಗೆ ಹೋಗಿ ಕೂತಿತು.

"ಕಾಲು ಹೆಂಗೆ ಬೀಸ್ತೈತೆ ನೋಡ್ರಿ!" ಎಂದು ಕೊಟ್ರವ್ವ ಕೈಮುಗಿದಳು.

"ಅದು ನಮ್ಮ ಮ್ಯಾಲೇ ಗೋಲು ಅಜ್ಜಿ. ಸೋತ್ವಿ" ಎಂದ ಹನುಮೇಶ. ಅವನಿಗೆ ನಿಜವಾಗಿಯೂ ಅಳು ಬಂದಿತ್ತು.

"ನಾವು ಬೇಡಿದ್ದು ಮಂಡಿ, ಕೊಟ್ಟ. ದೇವ್ರ ಜೊತೆ ತಕರಾರು ಬ್ಯಾಡ. ಬೆಳಿಗ್ಗಿಗೆ ಆಟೋ ಹೇಳೀನಿ."

ಮರುದಿನ ಹೊತ್ತೇರಿದ ಮೇಲೆ ಸೂರಪ್ಪ ಬಂದರು. ನುಣ್ಣನೆಯ ತಲೆ ಕಂಡು ಹೊಸ್ತಿಲಲ್ಲೇ ನಿಂತು, ದನಿ ತಗ್ಗಿಸಿ ಕೇಳಿದರು:

"ಯಾರು ಹೋದ್ರಪ್ಪ?"

ಹನುಮೇಶನಿಗೆ ಸುಳ್ಳು ಹೇಳುವ ತ್ರಾಣವಿರಲಿಲ್ಲ. "ಬ್ರ್ಯಾಮ್‌ಫೋರ್ಡ್" ಎಂದ.

"ವಯಸ್ಸಾಗಿತ್ತೇನು?"

"ನೂರಾ ಹನ್ನೆರಡು."

"ತುಂಬಿದ ಬಾಳು ಬಿಡಪ್ಪ, ಅಳಬ್ಯಾಡ" ಎಂದು ಸೂರಪ್ಪ ಅವನ ಬೆನ್ನು ಸವರಿದರು. "ಸಾವಾದ ಮನ್ಯಾಗೆ ಮದುವಿ ಮಾತು ಬ್ಯಾಡ. ವರ್ಷ ತುಂಬ್ಲಿ" ಎಂದವರು ನೀರೂ ಮುಟ್ಟದೆ ಕಾರು ಹತ್ತಿದರು.