ಮೀಸೆ ಇದ್ದ ಬಳ್ಳಿ

ಅಕ್ಕಿಆಲೂರಿನಲ್ಲಿ ಹೆಂಗಸರ ಹಾಡನ್ನು ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದದ್ದು ಒಬ್ಬ ಗಂಡಸು, ಅದೂ ಗಿರಿಜಾಮೀಸೆಯ ಗಂಡಸು: ನಮ್ಮ ಕಾಕಾ!

ಐವತ್ತರ ದಶಕದ ಕೊನೆಗೆ ಆ ಊರಿನ ಶಾಲೆಗೆ ಶಿಕ್ಷಕಿಯಾಗಿ ಹೋದ ನಾನು ಅವರ ಮನೆಯಲ್ಲೇ ಉಳಿದೆ. ಅವರ ಹೆಂಡತಿ, ನಮ್ಮ ಚಿಗವ್ವ, ತೀರಿಕೊಂಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಾನೋ, ಐದಕ್ಕೆ ಏಳುವವಳು, ಐದೂವರೆಗೆ ಸ್ನಾನ ಮುಗಿಸುವವಳು. ಆದರೆ ನನಗಿಂತ ಮೊದಲೇ ಎದ್ದು ಕಾಕಾ ಬೀಸುಕಲ್ಲಿನ ಮುಂದೆ ಕೂತಿರುತ್ತಿದ್ದರು. ಗಂಡಸು ಜೋಳ ಬೀಸುವುದೇ? ಬೀಸಿದರೂ ಬಾಗಿಲು ಹಾಕಿಕೊಂಡು ಬೀಸಬಾರದೇ? ಇವರು ಬಾಗಿಲು ತೆರೆದು, ಓಣಿಗೆಲ್ಲ ಕೇಳುವಂತೆ ಹಾಡುತ್ತ ಬೀಸುತ್ತಿದ್ದರು!

“ಊರಿಗೆ ಗಿರಣಿ ಬಂದೈತಲ್ರಿ ಕಾಕಾ, ನಾ ಹಾಕಿಸಿಕೊಂಡು ಬರ್ತೇನಿ,” ಎಂದೆ.

“ಬ್ಯಾಡವಾ. ಗಿರಣಿಗೆ ಹಾಡು ಬರಂಗಿಲ್ಲ. ರೊಟ್ಟಿ ಸಪ್ಪಗ ಆಕ್ಕಾವ.”

ಬೀಸುವ ಹಾಡುಗಳಲ್ಲಿ ಗಂಡ ಯಾವಾಗಲೂ ಮರ, ಹೆಂಡತಿ ಅದನ್ನು ತಬ್ಬಿದ ಬಳ್ಳಿ. ಕಾಕಾ ಈ ಹೋಲಿಕೆಯನ್ನು ತಲೆಕೆಳಗು ಮಾಡಿದ್ದರು:

ನೀನ ಮರ ನನಗ, ನೆರಳ ಹಾಸಿದ ಮರ
ನಾ ನಿನ್ನ ತಬ್ಬಿ ಬೆಳೆದ ಬಳ್ಳಿ…

ಎದುರುಮನೆಯ ಮುದುಕಿ ಒಂದು ದಿನ ಅಂಗಳದಿಂದಲೇ ಕೂಗಿದಳು: “ಮೀಸಿ ಇದ್ದ ಬಳ್ಳಿ ಎಲ್ಲೆರ ನೋಡೀಯೇನೋ ತಮ್ಮಾ?”

“ನಿನ್ನ ಹಿತ್ತಲದಾಗ ಹಾಗಲಬಳ್ಳಿ ಐತಲ್ಲಬೇ ಯಕ್ಕಾ, ಅದರ ಕುಡಿ ನೋಡು. ನನ್ನ ಮೀಸಿಗಿಂತ ಛಲೋ ತಿರುವಿಕೊಂಡೈತಿ!”

ಇದು ನಮ್ಮ ಓಣಿಯೊಳಗಿನ ಮಾತಾಯಿತು. ತಿಳವಳ್ಳಿಯ ಮದುವೆಯೊಂದರಲ್ಲಿ ಹೆಂಗಸರು ಮದುಮಗಳನ್ನು ಗಿಣಿಯೆಂದು ಹಾಡಿ ಗಂಡಿನವರಿಗೆ ಒಪ್ಪಿಸುತ್ತಿದ್ದರು. ಎಲ್ಲರೂ ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಕಾಕಾ ಎದ್ದು ನಿಂತರು!

“ಹುಡುಗಿ ಗಿಣಿ ಅಂದ್ರ ಹುಡುಗ ಯಾರ್ರಿ? ಪಂಜರಾನೋ, ಬೆಕ್ಕೋ?”

ಅಳುತ್ತಿದ್ದ ಮದುಮಗಳೇ ಕಿಸಕ್ಕನೆ ನಕ್ಕುಬಿಟ್ಟಳು. ಬೀಗರು ನಗಲಿಲ್ಲ. ಹೋಳಿಗೆಯ ವಾಸನೆಯನ್ನಷ್ಟೇ ಉಂಡು ನಾವು ಬಸ್ಸು ಹತ್ತಿದೆವು. ಬೆಕ್ಕೆಂದವರು ಅವರು, ಉಪವಾಸ ನನಗೂ!

ಇಷ್ಟನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದೆ ಹೋದದ್ದು ಒಂದೇ: ಕಾಕಾ ಆ ಹಾಡನ್ನು ಪೂರ್ತಿ ಹಾಡುತ್ತಿರಲಿಲ್ಲ. ‘ಬಳ್ಳಿ’ ಎಂದು ನಿಲ್ಲಿಸಿ, ಇನ್ನೊಂದು ಸಾಲಿನಷ್ಟು ಹೊತ್ತು ಕಲ್ಲನ್ನು ಸುಮ್ಮನೆ ತಿರುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಅರ್ಧಕ್ಕೆ ಬಿಟ್ಟ ಕೆಲಸ ನನಗೆ ಸೇರದು. ಒಂದು ಬೆಳಗಿನ ಜಾವ ಕೇಳಿಯೇಬಿಟ್ಟೆ.

“ಮುಂದಿನ ಸಾಲು ಮರತ್ರೇನ್ರಿ ಕಾಕಾ? ದಿನಾ ಅಲ್ಲೇ ನಿಲ್ಲಸ್ತೀರಿ. ಕಲ್ಲಿನ ಗೂಟಾನೂ ಕೆಳಗಷ್ಟ ಹಿಡೀತೀರಿ, ಬೆನ್ನು ಬಗ್ಗಿ ಹೋಗೈತಿ.”

ಕಾಕಾ ಕಲ್ಲು ನಿಲ್ಲಿಸಿದರು.

“ಮರತಿಲ್ಲವಾ. ನಾ ‘ನೀನ ಮರ’ ಅಂದ್ರ, ನಿಮ್ಮ ಚಿಗವ್ವ ಎದುರಿಗೆ ಕುಂತು, ಗೂಟದ ಮ್ಯಾಲಿನ ತುದಿಗೆ ಕೈ ಇಟ್ಟು, ‘ಅಲ್ಲ, ನೀವ ಮರ’ ಅಂತ ತಿರುಗಿ ಹಾಡತಿದ್ಲು. ಕಾಳು ಮುಗೀತಿತ್ತು, ಜಗಳ ಮುಗೀತಿರಲಿಲ್ಲ.” ಸೆರಗಿಲ್ಲದ ಮನುಷ್ಯ, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. “ಈಗ ನಾನ ಗೆದ್ದು ಕುಂತೇನಿ ನೋಡು.”

ನನ್ನ ಸ್ನಾನದ ಹೊತ್ತು ಮೀರುತ್ತಿತ್ತು. ಮೀರಲಿ ಎಂದು ಎದುರಿಗೆ ಕೂತು ಗೂಟದ ಮೇಲ್ತುದಿಗೆ ಕೈ ಚಾಚಿದೆ.

“ಅಲ್ಲಿ ಬ್ಯಾಡವಾ,” ಎಂದು ಕಾಕಾ ತಮ್ಮ ಕೈಯನ್ನು ಇನ್ನಷ್ಟು ಕೆಳಗೆ ಸರಿಸಿದರು. “ನಡಕ್ಕ ಹಿಡಿ.”

ಅವರು ತಮ್ಮ ಸಾಲು ಹಾಡಿದರು. ಚಿಗವ್ವನ ಸಾಲು ಬರುವಲ್ಲಿ ಇಬ್ಬರೂ ಸುಮ್ಮನಾದೆವು. ಕಲ್ಲು ಮಾತ್ರ ತಿರುಗುತ್ತಲೇ ಇತ್ತು.