ರಾಜಕುಮಾರಿಯರೂ ನನ್ನ ಕಾಲಿನ ಎರಡನೆಯ ಬೆರಳೂ

ಕೆಲವರಿಗೆ ರಾಜಕೀಯದ ಮೇಲೆ ಅಭಿಪ್ರಾಯಗಳಿರುತ್ತವೆ, ಕೆಲವರಿಗೆ ಪಕ್ಕದ ಮನೆಯ ಸೊಸೆಯ ಮೇಲೆ. ನನಗೆ ಮೊದಲಿನಿಂದಲೂ ರಾಜಕುಮಾರಿಯರ ಮೇಲೆ. ನಮ್ಮ ಪುರಾಣದವರ ಮೇಲಲ್ಲ, ಅವರ ತಂಟೆಗೆ ಹೋದರೆ ನಮ್ಮಜ್ಜಿ ಸೌಟು ಎತ್ತುತ್ತಿದ್ದಳು. ನಾನು ಹೇಳುತ್ತಿರುವುದು ಬಣ್ಣದ ಬೊಂಬೆ ಪಿಕ್ಚರಿನಲ್ಲಿ ಬರುವ ಪರದೇಶದ ರಾಜಕುಮಾರಿಯರ ವಿಷಯ. ಸೊಂಟ ಒಂದು ಹಿಡಿ, ಕಣ್ಣು ಒಂದು ಬೊಗಸೆ, ಬುದ್ಧಿ ಒಂದು ಚಿಟಿಕೆ. ಅವರನ್ನು ಕಂಡರೆ ನನಗೆ ಪ್ರಾಣ, ಅವರನ್ನು ಕಂಡರೆ ಮೈಯೆಲ್ಲ ಉರಿ. ಎರಡೂ ನಿಜ. ದೊಡ್ಡ ಹೆಂಗಸು ಇಂಥದ್ದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡಿದ್ದಾಳೆ ಅಂದರೆ ಜನ ನಗುತ್ತಾರೆ ಅಂತ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನಕ್ಕರೆ ನಗಲಿ, ಇವತ್ತು ಹೇಳಿಯೇ ಬಿಡುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ಅಜ್ಜಂಪುರದಲ್ಲಿ ಹೈಸ್ಕೂಲು ಓದುತ್ತಿದ್ದಾಗ ಈ ಹುಚ್ಚು ಹಿಡಿಸಿದವಳು ಗೌರಮ್ಮ ದೊಡ್ಡಮ್ಮ, ನಮ್ಮಮ್ಮನ ಅಕ್ಕ. ಬೀರೂರಿನ ಟಾಕೀಸಿಗೆ ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಬೊಂಬೆ ಪಿಕ್ಚರು ಬರುತ್ತಿತ್ತು, ಅದೂ ಭಾನುವಾರ ಬೆಳಗಿನ ಆಟ ಮಾತ್ರ. ದೊಡ್ಡಮ್ಮ ರೊಟ್ಟಿ ಚಟ್ನಿಪುಡಿ ಕಟ್ಟಿಕೊಂಡು ನನ್ನನ್ನು ರೈಲು ಹತ್ತಿಸುತ್ತಿದ್ದಳು. ಪಿಕ್ಚರಿನ ಮಾತೆಲ್ಲ ಇಂಗ್ಲಿಷು. ದೊಡ್ಡಮ್ಮನಿಗೆ ಇಂಗ್ಲಿಷು ಬಾರದು, ಆದರೆ ಆ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ಇಡೀ ಟಾಕೀಸಿಗೆ ಕೇಳುವ ಹಾಗೆ ಕಥೆ ಬಿಡಿಸಿ ಹೇಳುತ್ತಿದ್ದಳು. ಹಿಂದಿನ ಸಾಲಿನವರು "ಸುಮ್ನಿರಮ್ಮ" ಅನ್ನುವ ಬದಲು "ಈಗೇನಂದ್ಲು ಕಣಮ್ಮಾ?" ಅಂತ ಬಗ್ಗಿ ಕೇಳುತ್ತಿದ್ದರು. ನನ್ನ ಅರ್ಧ ಅಭಿಪ್ರಾಯಗಳು ಆ ಬೆಂಚಿನ ಮೇಲೆಯೇ ಹುಟ್ಟಿದವು.

ಸೇಬು ತಿಂದು ಬಿದ್ದುಹೋದ ರಾಜಕುಮಾರಿಯನ್ನೇ ತೆಗೆದುಕೊಳ್ಳಿ. ಕಾಡಿನಲ್ಲಿ ಯಾರದೋ ಮನೆ ಹೊಕ್ಕು, ಏಳು ಜನ ಕುಳ್ಳರ ಪಾತ್ರೆ ಪಡಗವನ್ನೆಲ್ಲ ಹಾಡು ಹೇಳುತ್ತಾ ತೊಳೆದಿಟ್ಟಳು. ದೊಡ್ಡಮ್ಮ ಕುಳಿತಲ್ಲಿಂದ ಎದ್ದೇ ಬಿಟ್ಟಳು. "ಅಯ್ಯೋ ನಿನ್ ಮನೆ ಹಾಳಾಗ! ಏಳು ಜನ ಗಂಡಸ್ರ ಎಂಜಲು ಪಾತ್ರೆ ಕಣೇ! ಕೇಳ್ದೋರಿಲ್ಲ, ಹೇಳ್ದೋರಿಲ್ಲ, ತೊಳೀತಾ ಕುಂತವಳಲ್ಲ! ಮುದ್ದೆ ಮಾಡಿದ್ ಪಾತ್ರೆ ಆಗ್ಬೇಕಿತ್ತು, ಹಾಡು ಎಲ್ಲಿಂದ ಬತ್ತಿತ್ತೋ ನೋಡ್ತಿದ್ದೆ" ಅಂದಳು. ಸೇಬಿನ ವಿಷಯದಲ್ಲಿ ನನ್ನ ವಾದವೇ ಬೇರೆ. ಬಾಗಿಲಿಗೆ ಬಂದ ಮುದುಕಿಯ ಕೈಯಿಂದ ಹಣ್ಣು ಇಸಕೊಂಡು ಒಂದು ಮಾತೂ ಕೇಳದೆ ಕಚ್ಚುವುದೇ? ಅಜ್ಜಂಪುರದ ಹೆಂಗಸಾಗಿದ್ದರೆ ಮೊದಲು ಜಗಲಿಯ ಮೇಲೆ ಕೂರಿಸಿ, ಯಾವೂರಾಯ್ತು, ಯಾರ ಪೈಕಿ, ಮಕ್ಕಳೆಷ್ಟು, ಸೊಸೆ ಹೇಗೆ ನೋಡಿಕೊಳ್ಳುತ್ತಾಳೆ ಅಂತ ಕೇಳುತ್ತಿದ್ದಳು. ಮೂರನೆಯ ಪ್ರಶ್ನೆಗೇ ಮಾಟಗಾತಿಯ ಬಂಡವಾಳ ಬಯಲಾಗುತ್ತಿತ್ತು, ಅಥವಾ ತನ್ನ ಸಂಕಟವನ್ನೆಲ್ಲ ಹೇಳಿಕೊಂಡು ಅತ್ತು, ಒಂದು ಲೋಟ ಮಜ್ಜಿಗೆ ಕುಡಿದು, ಸೇಬಿನ ಸುದ್ದಿಯನ್ನೇ ಮರೆತು ಹೋಗುತ್ತಿದ್ದಳು. ನೂರು ವರ್ಷ ಮಲಗಿದ್ದ ಇನ್ನೊಬ್ಬಳನ್ನು ನಾನು ನೋಡಿದ್ದು ತರೀಕೆರೆಯಲ್ಲಿ. ಅವಳ ಮೇಲೆ ನನಗಿರುವುದು ಸಿಟ್ಟಲ್ಲ, ಅಪ್ಪಟ ಹೊಟ್ಟೆಕಿಚ್ಚು. ನಮ್ಮ ಮನೆಯಲ್ಲಿ ಬೆಳಿಗ್ಗೆ ಆರರ ಮೇಲೆ ಐದು ನಿಮಿಷ ಮಲಗಿದ್ದರೆ ಅಜ್ಜಿ ಮುಖಕ್ಕೆ ಚೊಂಬು ನೀರು ಎರಚುತ್ತಿದ್ದಳು, ಯಾವ ರಾಜಕುಮಾರನೂ ಬರಬೇಕಾಗಿರಲಿಲ್ಲ.

ಆದರೆ ನಾವಿಬ್ಬರೂ ಬಿದ್ದು ಬಿದ್ದು ನಕ್ಕಿದ್ದು ಗಾಜಿನ ಮೆಟ್ಟಿನವಳ ಕಥೆಗೆ. ಮಲತಾಯಿಯ ಮನೆಯಲ್ಲಿ ನೆಲ ಒರೆಸುತ್ತಿದ್ದವಳು ಅರಮನೆಗೆ ಹೋಗಿ ಕುಣಿದು, ಓಡಿಬರುವಾಗ ಒಂದು ಮೆಟ್ಟು ಬಿಟ್ಟುಬಂದಳಂತೆ. ರಾಜಕುಮಾರ ಅವಳ ಮುಖಕ್ಕೆ ಮುಖ ಕೊಟ್ಟು ಅಷ್ಟು ಹೊತ್ತು ಕುಣಿದಿದ್ದಾನೆ, ಮಾರನೆಯ ದಿನ ಮುಖವೇ ನೆನಪಿಲ್ಲ! ಕಾಲಿನ ಅಳತೆ ನೋಡಿ ಹೆಂಡತಿಯನ್ನು ಹುಡುಕಿಸುತ್ತಾನೆ. "ಇಂಥ ಮರೆಗುಳಿಗೆ ಹೆಣ್ಣು ಕೊಟ್ರೆ ಸಂತೇಲಿ ಬಿಟ್ಟು ಬತ್ತಾನೆ ಕಣೇ. ಆ ಗಾಜಿನ ಮೆಟ್ಟು ಹಾಕ್ಕೊಂಡು ನಮ್ಮೂರ ಎರೆಮಣ್ಣಲ್ಲಿ ನಾಕ್ ಹೆಜ್ಜೆ ನಡೀಲಿ, ನೋಡಾನ" ಅಂದಳು ದೊಡ್ಡಮ್ಮ. ಮಲತಾಯಂದಿರ ವಿಷಯದಲ್ಲಂತೂ ನಮಗೆ ಎರಡನೆಯ ಅಭಿಪ್ರಾಯವೇ ಇರಲಿಲ್ಲ. ಆ ಹೆಂಗಸು ಪರದೆಯ ಮೇಲೆ ಬಂದಾಗಲೆಲ್ಲ ದೊಡ್ಡಮ್ಮ ಹತ್ತೂ ಬೆರಳಿನ ನೆಟಿಗೆ ಮುರಿದು ಶಾಪ ಹಾಕುತ್ತಿದ್ದಳು. ನಾನೂ ಹಾಕುತ್ತಿದ್ದೆ.

ಅಷ್ಟು ನಗಬಾರದಿತ್ತು. ನನ್ನ ಮದುವೆಯ ವಯಸ್ಸು ಬಂದಾಗ ಗೊತ್ತಾಯಿತು, ಕಾಲು ನೋಡಿ ಹೆಣ್ಣು ಆರಿಸುವುದರಲ್ಲಿ ನಮ್ಮವರು ಆ ರಾಜಕುಮಾರನಿಗೇ ಪಾಠ ಹೇಳಬಲ್ಲರು ಅಂತ. ನನ್ನ ಕಾಲಿನ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ. ಸ್ವಲ್ಪವಲ್ಲ, ಧಾರಾಳವಾಗಿ ಉದ್ದ. ಅಂಥ ಹುಡುಗಿ ಗಂಡನನ್ನು ಆಳುತ್ತಾಳೆ ಅನ್ನುವುದು ನಮ್ಮ ಕಡೆಯ ಮುದುಕಿಯರಿಗೆಲ್ಲ ಬಾಯಿಪಾಠ. ಹೆಣ್ಣು ನೋಡಲು ಬಂದವರು ಜಡೆ ನೋಡುತ್ತಿದ್ದರು, ಹಾಡು ಹೇಳಿಸುತ್ತಿದ್ದರು, ಆಮೇಲೆ ಒಬ್ಬ ಮುದುಕಿ "ಒಂದಿಷ್ಟು ನಡಿಯವ್ವ" ಅನ್ನುತ್ತಿದ್ದಳು. ನಡೆದರೆ ಮುಗಿಯಿತು. ಎರಡು ಸಂಬಂಧ ಹಾಗೆಯೇ ಬಸ್ಸು ಹತ್ತಿ ಹೋದವು. ಮೂರನೆಯದು ಕಡೂರಿನದು. ಇದೂ ತಪ್ಪಿದರೆ ಚೌಳಹಿರಿಯೂರಿನ ಎರಡನೆಯ ಸಂಬಂಧಕ್ಕೆ ಹೂಂ ಅನ್ನುತ್ತೇನೆ ಅಂತ ಅಪ್ಪ ಹೇಳಿಬಿಟ್ಟರು. ಹುಡುಗನಿಗೆ ಮೊದಲ ಹೆಂಡತಿ ತೀರಿಕೊಂಡಿದ್ದಾಳೆ, ಆರು ವರ್ಷದ ಮಗಳಿದ್ದಾಳೆ. ರಾಜಕುಮಾರಿಯರನ್ನು ಆಡಿಕೊಂಡು ಬೆಳೆದವಳು ಒಂದೇ ಏಟಿಗೆ ಮಲತಾಯಿಯಾಗುವುದೇ? ಅಡಿಗೆಮನೆಯಲ್ಲಿ ಕೂತು ಹೋ ಅಂತ ಅತ್ತೆ.

"ಅಳ್ಬ್ಯಾಡ ಸುಮ್ನಿರು, ನಾನಿಲ್ವಾ?" ಅಂದಳು ದೊಡ್ಡಮ್ಮ. ಅಣ್ಣ ಊಟಿಗೆ ಟೂರು ಹೋದಾಗ ತಂದಿದ್ದ ಕೆಂಪು ಉಣ್ಣೆಯ ಕಾಲುಚೀಲಗಳನ್ನು ಪೆಟ್ಟಿಗೆಯ ತಳದಿಂದ ತೆಗೆದು ನನ್ನ ಕಾಲಿಗೆ ಏರಿಸಿದಳು. ಶೀತ ಆಗಿದೆ ಅಂತ ಹೇಳುವುದಂತೆ. ಏಪ್ರಿಲ್ ತಿಂಗಳು! ಕಡೂರಿನವರು ಬೀಸಣಿಗೆ ಬೀಸಿಕೊಳ್ಳುತ್ತಾ ಕೂತಿದ್ದರು. ನಮ್ಮ ನಡುಮನೆಯದು ಕೆಂಪು ಗಾರೆ ನೆಲ, ಬೆಳಿಗ್ಗೆಯಷ್ಟೇ ಅಮ್ಮ ಎಣ್ಣೆ ಹಚ್ಚಿ ಉಜ್ಜಿ ಕನ್ನಡಿ ಮಾಡಿದ್ದಳು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಹೊಸಿಲು ದಾಟಿದ್ದಷ್ಟೇ ನೆನಪು. ಉಣ್ಣೆ ಆ ನೆಲಕ್ಕೆ ತಗುಲಿದ್ದೇ ತಡ, ಜರ್ರನೆ ಜಾರಿಕೊಂಡು ಹೋಗಿ ವರನ ಅಜ್ಜಿಯ ತೊಡೆಯ ಮೇಲೆ ಕುಳಿತಿದ್ದೆ. ಉಪ್ಪಿಟ್ಟು ವರನ ಬಿಳಿ ಶರಟಿನ ಮೇಲೆ. ಹಿಡಿಯಲು ಓಡಿಬಂದ ದೊಡ್ಡಮ್ಮನ ಕೈಗೆ ಸಿಕ್ಕಿದ್ದು ಒಂದು ಕಾಲುಚೀಲ ಮಾತ್ರ. ಬರಿಗಾಲು ಅಜ್ಜಿಯ ಮೂಗಿನ ನೇರಕ್ಕೆ ಬಂತು. ಅಜ್ಜಿ ಬೆರಳನ್ನು ನೋಡಿದಳು, ನನ್ನನ್ನು ನೋಡಿದಳು, "ಶಿವ ಶಿವಾ, ಇದಕ್ಕಾ ಶೀತ!" ಅಂದಳು. ನಾನು ದಡಬಡ ಒಳಗೆ ಓಡಿದೆ. ಕಡೂರಿನ ರಾಜಕುಮಾರ ಆ ಕಾಲುಚೀಲ ಹಿಡಿದು ಊರೂರು ಅಲೆಯುವುದಿರಲಿ, ಕಾಫಿಯನ್ನೂ ಕುಡಿಯದೆ ಹೊರಟುಹೋದ.

ಚೌಳಹಿರಿಯೂರಿನವರು ಮುಂದಿನ ವಾರವೇ ಬಂದರು. ಈ ಸಲ ನಾನೇ ಉಪಾಯ ಮಾಡಿದೆ. ಬೇಡದ ಸಂಬಂಧ ತಾನೇ, ಬೆರಳೇ ನನ್ನ ಕೈ ಹಿಡಿಯಲಿ ಅಂತ ಕಾಲಿಗೆ ಅರಿಶಿನ ಹಚ್ಚಿ, ಚಾಪೆಯ ಮೇಲೆ ಕೂತು, ಎರಡೂ ಪಾದಗಳನ್ನು ವರನ ತಾಯಿಯ ಕಡೆಗೆ ಅಂಗಡಿ ಸಾಮಾನಿನ ಹಾಗೆ ಚಾಚಿಟ್ಟೆ. ಅಮ್ಮ ಬಾಗಿಲ ಸಂದಿಯಿಂದ ಕಣ್ಣು ಬಿಟ್ಟಳು. ನಾನು ಕಾಣದವಳ ಹಾಗೆ ಕೂತೆ. ಆ ತಾಯಿ ಬಗ್ಗಿ ನೋಡಿ ಹೇಳಿದ್ದೇನು ಗೊತ್ತೇ? "ಬೆರಳು ಉದ್ದ ಐತಲ್ಲವ್ವ! ಒಳ್ಳೇದಾಯ್ತು ಬಿಡು. ನಮ್ಮುಡುಗ ಬಾಯೇ ಬಿಡಲ್ಲ, ನಮ್ಮನೆ ಎಮ್ಮೇನೂ ಅವ್ನ ಮಾತು ಕೇಳಲ್ಲ. ಆಳೋರು ಒಬ್ರು ಬೇಕಾಗಿತ್ತು." ಹುಡುಗ ನೆಲ ನೋಡುತ್ತಾ ಹೂಂಗುಟ್ಟಿದ. ಇಷ್ಟರ ನಡುವೆ ಆ ಆರು ವರ್ಷದ ಮಗು, ಶೈಲ, ಅಜ್ಜಿಯ ಪಕ್ಕದಿಂದ ಜರುಗಿ ಜರುಗಿ ಬಂದು ನನ್ನ ಉದ್ದ ಬೆರಳನ್ನು ಮುಟ್ಟಿ, ಮೆಲ್ಲಗೆ "ನೋಯ್ತದಾ?" ಅಂತ ಕೇಳಿತು. ಅದುವರೆಗೆ ಆ ಬೆರಳನ್ನು ಎಷ್ಟೋ ಜನ ನೋಡಿದ್ದರು, ಹಾಗೆ ಕೇಳಿದವರು ಯಾರೂ ಇರಲಿಲ್ಲ. ಆಮೇಲೆ ಅಪ್ಪ ನನ್ನನ್ನು ಒಳಗೆ ಕರೆದು "ಏನವ್ವ, ಏನಂತೀಯ?" ಅಂದಾಗ ನಾನು ಹೂಂ ಅಂದುಬಿಟ್ಟೆ.

ಹೀಗೆ ಮಲತಾಯಿಯಾದೆ. ಗಂಡನನ್ನು ಆಳುವುದು ಕಷ್ಟವೇ ಆಗಲಿಲ್ಲ, ಅವರು ಎದುರು ಮಾತಾಡಿದರೆ ತಾನೇ! ಕಷ್ಟವಾಗಿದ್ದು ಶೈಲಳ ಹತ್ತಿರ. ಓಣಿಯ ಹೆಂಗಸರು ಅವಳನ್ನು ಕಂಡಾಗಲೆಲ್ಲ "ಪಾಪ, ಮಲತಾಯಿ ಕೈಗೆ ಬಿತ್ತು ಮಗ" ಅಂತ ಲೊಚಗುಟ್ಟುತ್ತಿದ್ದರು. ಹೆದರಿಕೊಂಡು ನಾನು ಅವಳ ಕೈಗೆ ಕಸಬರಿಗೆಯನ್ನೇ ಕೊಡಲಿಲ್ಲ, ಉಂಡ ತಟ್ಟೆ ಎತ್ತಲು ಬಿಡಲಿಲ್ಲ. ಏನು ಮಾಡಿದರೂ ಮಗು ನನ್ನನ್ನು ಏನಂತಲೂ ಕರೆಯಲಿಲ್ಲ. ಅಮ್ಮ ಅಂತ ಇಲ್ಲ, ಚಿಕ್ಕಮ್ಮ ಅಂತ ಇಲ್ಲ. ಏನಾದರೂ ಬೇಕಾದರೆ ಅಜ್ಜಿಗೆ ಹೇಳುತ್ತಿತ್ತು, ಅಜ್ಜಿ ನನಗೆ ಹೇಳುತ್ತಿದ್ದರು. ಒಂದು ವರ್ಷ ಹೀಗೇ ಕಳೆಯಿತು. ನಾನು ಯಾರಿಗೂ ತೋರಿಸಿಕೊಳ್ಳಲಿಲ್ಲ, ಆದರೆ ಒಂದು ಸಲ ಅಮ್ಮ ಅನ್ನಿಸಿಕೊಳ್ಳಬೇಕು ಅಂತ ಆಸೆ ಇತ್ತು.

ಆಗಲೇ ಕಡೂರಿನ ಟಾಕೀಸಿಗೆ ಗಾಜಿನ ಮೆಟ್ಟಿನ ಪಿಕ್ಚರು ಬರಬೇಕೇ! ಶಾಲೆಯಲ್ಲಿ ಸುದ್ದಿ ಕೇಳಿ ಬಂದ ಶೈಲ ಅಜ್ಜಿಯ ಮೂಲಕ ಅರ್ಜಿ ಹಾಕಿದಳು. ನನಗೆ ತಲೆನೋವು ಅಂದೆ, ಬಸ್ಸಿನಲ್ಲಿ ರಶ್ಶು ಅಂದೆ, ಇಂಗ್ಲಿಷು ಅರ್ಥವಾಗಲ್ಲ ಅಂದೆ. ಅತ್ತೆ ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾವಿಬ್ಬರೇ ಹೋದೆವು. ಪರದೆಯ ಮೇಲೆ ಮಲತಾಯಿ ಮೂಗು ಎತ್ತಿಕೊಂಡು ಬಂದಳು ನೋಡಿ! ಹಿಂದೆ ನೆಟಿಗೆ ಮುರಿಯುತ್ತಿದ್ದ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಶೈಲ ಪರದೆಯನ್ನೂ ನನ್ನನ್ನೂ ತಿರುಗಿ ತಿರುಗಿ ನೋಡಿದಳು. ನನಗೆ ತಡೆಯಲಾಗಲಿಲ್ಲ, ಬಾಯಿ ಬಿಟ್ಟೆ. "ಪಾಪ, ಆಯಮ್ಮಂಗೆ ತಲೆನೋವಂತೆ, ಅದಕ್ಕೇ ಸಿಡುಕ್ತಾಳೆ" ಅಂದೆ. ಹುಡುಗಿಯ ಕೈಗೆ ಒರೆಸುವ ಬಟ್ಟೆ ಕೊಟ್ಟಾಗ "ಮೈ ಗಟ್ಟಿ ಆಗ್ಲಿ ಅಂತ ಹೇಳ್ತಾವಳೆ, ಒಳ್ಳೇದಕ್ಕೇ ಕಣೇ" ಅಂದೆ. ಹಿಂದಿನ ಸಾಲಿನವನೊಬ್ಬ ಬಗ್ಗಿದ. "ಏನ್ ಕಣಮ್ಮಾ, ಹುಡುಗೀನ ಕೋಣೇಲಿ ಕೂಡಿ ಬೀಗ ಹಾಕವಳಲ್ಲ, ಅದೂ ಒಳ್ಳೇದಕ್ಕಾ?" ನಾನು ತಿರುಗಿ "ಊರಲ್ಲಿ ಕಳ್ಳರ ಕಾಟ ಕಣ್ರೀ! ನಿಮಗೇನ್ ಗೊತ್ತು, ನೆಟ್ಟಗೆ ಪಿಕ್ಚರು ನೋಡ್ರೀ!" ಅಂತ ಗದರಿದೆ. ಲೋಕದ ಯಾವ ವಕೀಲನೂ ಆ ಹೆಂಗಸಿನ ಪರವಾಗಿ ಅಷ್ಟು ಕೂಗಾಡಿರಲಾರ. ಆಟ ಮುಗಿಯುವಷ್ಟರಲ್ಲಿ ನನ್ನ ಗಂಟಲು ಕಟ್ಟಿಹೋಗಿತ್ತು.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಶೈಲಳಿಗೆ ಕಡಲೆಕಾಯಿ ಕೊಡಿಸಿದೆ. ಅದನ್ನು ಬಿಡಿಸದೆ ಹಿಡಿದುಕೊಂಡು ಏನೋ ಯೋಚನೆ ಮಾಡುತ್ತಿದ್ದಳು. ಬಸ್ಸಿನಲ್ಲಿ ಕೂತ ಮೇಲೆ ಧೈರ್ಯ ಮಾಡಿ "ಹೆಂಗಿತ್ತು ಪಿಕ್ಚರು?" ಅಂದೆ. "ಚೆನ್ನಾಗಿತ್ತು" ಅಂದಳು. "ಆ ಮಲತಾಯಿ?" ಅಂತ ಕೇಳಿಯೇಬಿಟ್ಟೆ. ಹುಡುಗಿ ನನ್ನ ಕಡೆಗೆ ತಿರುಗಿ, ಹುಬ್ಬು ಗಂಟಿಕ್ಕಿ "ನಿನಗಿಂತ ಅವಳೇ ವಾಸಿ" ಅಂದಳು. ನನಗೆ ಭೂಮಿ ಬಾಯಿ ಬಿಟ್ಟಂತಾಯಿತು. ಯಾಕೆ ಅಂತ ಕೇಳುವ ಮೊದಲೇ ಅವಳೇ ಹೇಳಿದಳು.

"ಅವ್ಳು ನೆಲ ಒರ್ಸು, ಬಟ್ಟೆ ಒಗಿ ಅಂತಾಳೆ ಅಷ್ಟೇಯ. ಒಂದ್ ದಿನಾನಾದ್ರೂ ಮಗ್ಗಿ ಒಪ್ಸು ಅಂದ್ಲಾ? ನೀನು ದಿನಾ ಒಪ್ಸು ಒಪ್ಸು ಅಂತೀಯ. ಅಮ್ಮಾ, ಬೇಕಾರೆ ನಾನೂ ನೆಲ ಒರ್ಸ್ತೀನಿ, ಪಾತ್ರೆ ತೊಳೀತೀನಿ, ಮಗ್ಗಿ ಮಾತ್ರ ಬ್ಯಾಡ ಅಮ್ಮಾ!"

ಅಮ್ಮಾ! ಒಂದಲ್ಲ, ಎರಡು ಸಲ! ಜಗಳದ ಭರದಲ್ಲಿ ಏನಂದೆ ಅಂತ ಅವಳಿಗೇ ಗೊತ್ತಿರಲಿಲ್ಲ, ಮುಖ ಊದಿಸಿಕೊಂಡು ಕಡಲೆಕಾಯಿ ಬಿಡಿಸತೊಡಗಿದ್ದಳು. ನನ್ನ ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಪಕ್ಕದಲ್ಲಿ ಕೂತಿದ್ದ ಹೆಂಗಸು ಗಾಬರಿಯಾಗಿ ಸೀಟು ಬದಲಾಯಿಸಿದಳು. ಅವತ್ತು ನನಗಾದ ಸಂತೋಷ ಯಾವ ರಾಜಕುಮಾರಿಗೂ ಆಗಿರಲಾರದು. ಮಗುವನ್ನು ತಬ್ಬಿಕೊಂಡು, ತಲೆ ನೇವರಿಸಿ, ಬಸ್ಸು ಚೌಳಹಿರಿಯೂರು ಮುಟ್ಟುವುದರೊಳಗೆ ಏಳರ ಮಗ್ಗಿಯನ್ನು ಮೂರು ಸಲ ಒಪ್ಪಿಸಿಕೊಂಡೆ.