ಬಾತ್‌ಟಬ್ಬಿನಿಂದ ಕಾಣುವ ಕಡಲು

"ಕೌಂಟಿ ಆಫೀಸ್ನಾಗ ಓದಿದವರು ಕಣ್ಣೀರು ಹಾಕಬೇಕು, ಹಂಗ ಬರೀತೀನಿ ನೋಡ್ತಿರು!"

ಹೀಗೆಂದು ಅಣ್ಣಾಸಾಹೇಬರು ಪೆನ್ನಿನ ಟೋಪಿ ತೆಗೆದದ್ದು 2008ರ ಏಪ್ರಿಲಿನ ಒಂದು ಭಾನುವಾರ. ಎದುರಿಗೆ ಕೌಂಟಿ ಎಂಬ ಅಲ್ಲಿಯ ಜಿಲ್ಲಾಡಳಿತ ಕಳಿಸಿದ ಮನೆ ತೆರಿಗೆಯ ಬಿಲ್ಲು, ಪಕ್ಕದಲ್ಲಿ ಹೆಂಡತಿ ನಮ್ರತಾ. ಅಣ್ಣಾಸಾಹೇಬರ ಬಾಳಿಗೆ ನಮ್ರತೆ ಬಂದದ್ದು ಮದುವೆಯ ಮೂಲಕವೇ. ಸ್ವಂತದ್ದು ಅಷ್ಟಾಗಿ ಇರಲಿಲ್ಲ.

ಪಸಡೀನಾದ ಬಾಡಿಗೆ ಅಪಾರ್ಟ್‌ಮೆಂಟ್ ಬಿಟ್ಟು ಸ್ಯಾನ್ ಡಿಯೇಗೊದಲ್ಲಿ ಸ್ವಂತ ಮನೆ ಮಾಡಿ ಎರಡು ವರ್ಷವಾಗಿತ್ತು. ಕೊಂಡದ್ದು ಬೆಲೆಗಳು ಮುಗಿಲು ಮುಟ್ಟಿದ್ದಾಗ. ಮೊದಲ ಬಿಲ್ಲು ಬಂತು. ಕರ ಕಟ್ಟಿ ಕರ ಮುಗಿದರು. ಹಿಂದೆಯೇ, ಮದುವೆಯ ಪಂಕ್ತಿಯಲ್ಲಿ ಬೇಡವೆಂದರೂ ಎಲೆಗೆ ಬೀಳುವ ಎರಡನೆಯ ಹೋಳಿಗೆಯಂತೆ, ಮನೆ ಕೈ ಬದಲಾದದ್ದಕ್ಕೆಂದು ಇನ್ನೊಂದು ಬಿಲ್ಲು ಬಂತು. ಈಗ ಮಾರುಕಟ್ಟೆ ಮಕಾಡೆ ಮಲಗಿತ್ತು. ತೆರಿಗೆ ಮಾತ್ರ ಹಳೆಯ ಬೆಲೆಯ ಮೇಲೆ ನೆಟ್ಟಗೆ ನಿಂತಿತ್ತು. ಮನೆಯ ಬೆಲೆ ಇಳಿದಿದೆ ಎಂದು ಅರ್ಜಿ ಹಾಕಿದರೆ ತೆರಿಗೆಯೂ ಇಳಿಯುತ್ತದೆ ಎಂದು ಬೀದಿಯವರೆಲ್ಲ ಎರಡೆರಡು ಸಾಲು ಗೀಚಿ ಕಳಿಸಿದರು. ನಮ್ಮವರು ಎರಡು ಪುಟ ಬರೆದರು! ಗುಬ್ಬಿಗೂಡಿನಂಥ ಮನೆ. ಕತ್ತಲು ಕವಿದ ಅಡುಗೆಮನೆ. ಸೋರುವ ಸೂರು. ಕಿಟಕಿ ತೆರೆದರೆ ಪಕ್ಕದವರ ಕಸದ ಡಬ್ಬಿಯ ದಿವ್ಯದರ್ಶನ. ಓದಿದ ಕೌಂಟಿಯವರೇ ಚಂದಾ ಎತ್ತಿ ಕಳಿಸಬೇಕು, ಹಾಗಿತ್ತು!

ಅಧಿಕಾರಿ ಮನೆ ನೋಡಲು ಬರುವ ದಿನ ನಮ್ರತಾ ಬೆಳಗ್ಗೆಯೇ ಎದುರು ನಿಂತರು.

"ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೋರಿ. ಅವ ಮನಿಗೆ ಬೈದ್ರ 'ಹೌದು' ಅನ್ರಿ, ಸಾಕು."

"ನಾ ಏನ್ ಸಣ್ಣ ಹುಡುಗ ಏನು?"

"ಸಣ್ಣ ಹುಡುಗಾದ್ರ ಚಾಕಲೇಟ್ ಕೊಟ್ಟು ಸುಮ್ನ ಕೂಡಸ್ತಿದ್ದೆ."

ನಮ್ರತಾರ ಅಂಜಿಕೆಗೆ ಕಾರಣವಿತ್ತು. ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗನಿಗೆ ಅಂಟುವ 'ಮನೆ ತೋರಿಸುವ' ಚಟ ಅಣ್ಣಾಸಾಹೇಬರಿಗೆ ತುಸು ಜೋರಾಗಿಯೇ ಅಂಟಿತ್ತು. ಯಾರೇ ಬರಲಿ, ಶೂ ಬಿಚ್ಚಿಸಿ ಪ್ರದಕ್ಷಿಣೆ ಶುರು. ಗರಾಜು, ಗ್ರಾನೈಟು, ಬಟ್ಟೆಯ ಕಪಾಟು, ಕಡೆಗೆ ಮಹಡಿಯ ಬಾತ್‌ರೂಮು. ಅಲ್ಲಿ ಟಬ್ಬಿನ ಅಂಚು ಹತ್ತಿ ಸಣ್ಣ ಕಿಟಕಿಯಲ್ಲಿ ಕತ್ತು ತೂರಿಸಿದರೆ ದೂರದಲ್ಲೊಂದು ನೀಲಿ ಗೆರೆ. "ಪೆಸಿಫಿಕ್ ಮಹಾಸಾಗರ!" ಎಂದು ಘೋಷಿಸುವರು. ಕಾಫಿ ಸಿಗುತ್ತಿದ್ದುದು ಸಾಗರದರ್ಶನದ ನಂತರವೇ!

ಹತ್ತು ಗಂಟೆಗೆ ಡೊನೊವನ್ ಎಂಬ ಅಧಿಕಾರಿ ಬಂದ. ವಯಸ್ಸಾದ, ಮಿತಭಾಷಿ, ಪಾಪದ ಮನುಷ್ಯ. ಹಾಲ್‌ನಲ್ಲಿ ನಿಂತು ಸುತ್ತ ನೋಡಿ, "ಹೌದು, ನೀವು ಬರೆದದ್ದು ನಿಜ. ಸಣ್ಣ ಮನೆ" ಎಂದ.

ಅಣ್ಣಾಸಾಹೇಬರ ಎದೆಯಲ್ಲಿ ಏನೋ ಚುರ್ ಎಂದಿತು. 'ಹೌದು' ಎನ್ನಲು ಬಾಯಿ ತೆರೆದರು. "ಸಣ್ಣದು ಅಂದರೆ... ಮೇಲೆ ಮೂರು ಬೆಡ್‌ರೂಮ್ ಇವೆ" ಎಂದಿತು ಬಾಯಿ.

ನಮ್ರತಾ ಕೆಮ್ಮಿದರು.

"ಅಡುಗೆಮನೆ ತೀರಾ ಸಾಧಾರಣ" ಎಂದ ಡೊನೊವನ್, ಅನುಕಂಪದಿಂದ.

"ಸಾಧಾರಣವೇ? ಕೈಯಿಟ್ಟು ನೋಡಿ ಸರ್! ನಮ್ಮ ಇಳಕಲ್ ಕಡೆಯ ಗ್ರಾನೈಟ್! ಇಡೀ ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲ!"

ಕೆಮ್ಮು ನಾಯಿಕೆಮ್ಮಿಗೆ ತಿರುಗಿತು.

"ಸೂರು ಸೋರುತ್ತದಂತೆ?"

"ಒಂದು ಹನಿ ಸರ್, ಒಂದೇ ಹನಿ! ನಾನೇ ಹತ್ತಿ ರಿಪೇರಿ ಮಾಡಿದೆ. ಈಗ ಹೊಸದರಂತೆ ಇದೆ!"

ಡೊನೊವನ್ ನಿಟ್ಟುಸಿರಿಟ್ಟ. "ಏನೇ ಆಗಲಿ, ಪಾಪ, ನಿಮಗೆ ಕಿಟಕಿಯಿಂದ ಒಂದು ಒಳ್ಳೆಯ ನೋಟವೂ ಇಲ್ಲ."

ಅಷ್ಟೇ! ಹಲ್ಲು ಕಿತ್ತ ಹಾವೂ ಹೆಡೆಯೆತ್ತುವಂಥ ಮಾತು! ಅಣ್ಣಾಸಾಹೇಬರು ಆತನ ತೋಳು ಹಿಡಿದು ಮಹಡಿ ಹತ್ತಿಸಿದರು. "ಟಬ್ಬಿನ ಮೇಲೆ ನಿಲ್ಲಿ ಸರ್. ಸಾಗರ ಕಾಣುತ್ತದೆ!"

"ನನಗೆ ಮಂಡಿನೋವು" ಎಂದು ಆತ ಹಿಂದೆ ಸರಿದ. "ನಿಮ್ಮ ಮಾತೇ ಸಾಕು." ಏನೋ ಬರೆದುಕೊಂಡು, ಕೈಕುಲುಕಿ ಹೊರಟುಹೋದ.

ಬಾಗಿಲು ಹಾಕಿ ನಮ್ರತಾ ಕೇಳಿದರು: "ಏನ್ ಬರಕೊಂಡ?"

"ನೋಡಲಿಲ್ಲ. ಆದ್ರ ಮನಿ ಬಾಳ ಮೆಚ್ಚಿದ!"

ಆಗಸ್ಟಿನಲ್ಲಿ ಬೀದಿಯ ಮನೆಮನೆಗೂ ಪತ್ರ ಬಂತು. ಎಲ್ಲರ ತೆರಿಗೆ ಇಳಿದಿತ್ತು. ಒಬ್ಬರದು ಏರಿತ್ತು! ಕಾರಣ: 'ಸಮುದ್ರ ನೋಟ, ಮಾಲೀಕರ ಹೇಳಿಕೆಯ ಪ್ರಕಾರ.' ಒಪ್ಪಿಗೆಯಿಲ್ಲದಿದ್ದರೆ ಮೇಲ್ಮನವಿ ಮಂಡಳಿಯ ಮುಂದೆ ಸಾಕ್ಷಿಯೊಂದಿಗೆ ಹಾಜರಾಗಬಹುದು.

"ನಿಮ್ಮ ಮಾತು ಸುಳ್ಳು ಅಂತ ಹೇಳಾಕ ಸಾಕ್ಷಿ ಬೇಕಂತ?" ನಮ್ರತಾರ ಮುಖ ಹುಣ್ಣಿಮೆಯಾಯಿತು. "ಇಪ್ಪತ್ತೊಂದು ವರ್ಷ ಆತು, ಯಾರೂ ಕೇಳಿದ್ದಿಲ್ಲ ನೋಡ್ರಿ!"

ವಿಚಾರಣೆಯ ಕೋಣೆಯಲ್ಲಿ ಮೂವರು ಗಂಭೀರ ಮಂದಿ, ನಡುವೆ ಒಂದು ಮೈಕು. ನಮ್ರತಾ ಕೈಯೆತ್ತಿ ಪ್ರಮಾಣ ಮಾಡಿದರು. ಆಮೇಲೆ ತಡೆಯುವವರಿರಲಿಲ್ಲ. ಇಳಕಲ್ ಗ್ರಾನೈಟು ಬಂದದ್ದು ರಸ್ತೆಯಾಚೆಯ ಅಂಗಡಿಯ ಕ್ಲಿಯರೆನ್ಸ್ ಸೇಲಿನಿಂದ. ಸೂರನ್ನು 'ರಿಪೇರಿ' ಮಾಡಿದ ಮೇಲೆ ಬಕೆಟ್ಟುಗಳು ಎರಡರಿಂದ ಐದಾಗಿವೆ.

"ಮತ್ತೆ ಸಮುದ್ರ?" ಎಂದರು ಸದಸ್ಯರೊಬ್ಬರು.

"ಅದು ಸಮುದ್ರವಲ್ಲ ಸರ್. ಫರ್ನಿಚರ್ ಗೋಡೌನಿನ ತಗಡಿನ ಸೂರು. ನೀಲಿ ಬಣ್ಣ."

ಅಧ್ಯಕ್ಷೆ ಕನ್ನಡಕದ ಮೇಲಿನಿಂದ ಅಣ್ಣಾಸಾಹೇಬರನ್ನು ನೋಡಿದರು. "ನೀವೂ ಪ್ರಮಾಣ ಮಾಡಿದ್ದೀರಿ. ಸಮುದ್ರವೋ, ಸೂರೋ?"

ಅಣ್ಣಾಸಾಹೇಬರಿಗೆ ಕಿವಿಯ ತುದಿಯವರೆಗೆ ಬಿಸಿಯೇರಿತು. ಆ ತಗಡನ್ನು ಅವರು ಮನೆಗೆ ಬಂದ ಮೊದಲ ತಿಂಗಳೇ ಗುರುತಿಸಿದ್ದರು. ಆದರೆ ಅಷ್ಟರಲ್ಲಿ ಹನ್ನೊಂದು ಮನೆಯವರು ಟಬ್ ಹತ್ತಿ ಇಳಿದು, "ಆಹಾ" ಎಂದು ಕಾಫಿ ಕುಡಿದು ಹೋಗಿಬಿಟ್ಟಿದ್ದರು. ಹನ್ನೆರಡನೆಯವರಿಗೆ ಏನೆಂದು ಹೇಳುವುದು? ನೀವೇ ಹೇಳಿ.

"ಸೂರು" ಎಂದರು.

"ಮೈಕಿನಲ್ಲಿ ಹೇಳಿ, ಕೇಳಿಸಲಿಲ್ಲ."

"ಸೂರು!"

ಅರ್ಜಿ ಮಂಜೂರಾಯಿತು. ತೆರಿಗೆ ಬೀದಿಯವರಿಗಿಂತಲೂ ಕೆಳಗಿಳಿಯಿತು. ಅದಕ್ಕಿಂತ ಕೆಳಗೆ ಇಳಿದದ್ದು ಅಣ್ಣಾಸಾಹೇಬರ ತಲೆಯೊಂದೇ. ಅದನ್ನು ಹೊತ್ತು ಅವರು ಬಾಗಿಲವರೆಗೆ ಬಂದಾಗ ಹೆಂಡತಿ ಜೊತೆಯಲ್ಲಿರಲಿಲ್ಲ. ತಿರುಗಿ ನೋಡಿದರೆ ನಮ್ರತಾ ಕೌಂಟರಿನ ಮುಂದೆ ಪರ್ಸ್ ತೆಗೆದು ನಿಂತಿದ್ದರು.

"ಇನ್ನೇನು ಕೊಡೋದದ?"

"ವಿಚಾರಣಿ ಎಲ್ಲಾ ರೆಕಾರ್ಡ್ ಆಗೇದಂತ್ರಿ. ಕೇಳಿದವರಿಗೆ ಸಿಡಿ ಕೊಡ್ತಾರ. ಎರಡು ತಗೊಂಡೆ."

"ಎರಡ್ಯಾಕ?"

"ಒಂದು ನನಗ. ಇನ್ನೊಂದು ಹುಬ್ಬಳ್ಳಿಗೆ, ನಿಮ್ಮವ್ವಗ. ಹ್ವಾದ ವರ್ಷ ಬಂದಾಗ ಟಬ್ ಮ್ಯಾಲೆ ನಿಂತು ಆ ತಗಡಿಗೆ ದಿನಾ ಆರತಿ ಬೆಳಗ್ಯಾರ, ಪಾಪ!"